ದೋಣಿ ಕೈ ಬದಲಾದಾಗ ವಿಮೆ ಯಾರದು?

ಹೊನ್ನಾವರದ ಧಕ್ಕೆಯಲ್ಲಿ ಒಂದು ಹಳೆಯ ಟ್ರಾಲ್ ಬೋಟು ಮಾರಾಟವಾಯಿತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಕರಾರು ಪತ್ರಕ್ಕೆ ಸಹಿ ಬಿತ್ತು, ಹಣ ಕೈ ಸೇರಿತು, ಬೋಟನ್ನು ಒಪ್ಪಿಸಿದ್ದೂ ಆಯಿತು. ಮಾರಿದವನ ಹೆಸರಿನಲ್ಲಿ ಆ ಬೋಟಿಗೆ ವಿಮೆ ಇದೆ; ಅವಧಿ ಮುಗಿಯಲು ಇನ್ನೂ ಐದು ತಿಂಗಳಿದೆ. ಅದೇ ಸಂಜೆ ಹೊಸ ಮಾಲೀಕ ಅದನ್ನು ತನ್ನೂರಿಗೆ ಒಯ್ಯುವಾಗ ಬೋಟು ಅಳಿವೆಯ ಮರಳದಿಣ್ಣೆಗೆ ತಾಗಿ, ಅಲೆಗೆ ಸಿಕ್ಕಿ ಒಡೆದುಹೋಯಿತು. ವಿಮೆಯ ಹಣ ಯಾರಿಗೆ ಬರಬೇಕು?

ಕರಾವಳಿಯ ಚಂಡಮಾರುತಗಳ ಬಗ್ಗೆ ನಡೆದ ನಮ್ಮ ಮಾತುಕತೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಿದ್ಯಾರ್ಥಿಗಳು ಬಂದಿದ್ದರು. ಅವರ ಮುಂದೆ ಈ ಪ್ರಶ್ನೆ ಇಟ್ಟಾಗ ಅರ್ಧದಷ್ಟು ಜನ, ‘ಮಾರಿದವನಿಗೆ, ಪಾಲಿಸಿ ಅವನ ಹೆಸರಿನಲ್ಲಿದೆಯಲ್ಲ’ ಎಂದರು. ಉಳಿದವರು, ‘ಕೊಂಡವನಿಗೆ; ಬೋಟು ಅವನದಲ್ಲವೆ’ ಎಂದರು. ಎರಡೂ ಉತ್ತರಗಳಲ್ಲಿ ತರ್ಕವಿದೆ. ಆದರೆ ಸರಿಯಾದ ಉತ್ತರ ಬೇರೆಯೇ: ಸಾಮಾನ್ಯವಾಗಿ ಇಬ್ಬರಿಗೂ ಬರುವುದಿಲ್ಲ. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ಇದರ ಕಾರಣವನ್ನು ಪೂರ್ತಿ ಬಿಡಿಸಿ ಹೇಳಲು ಸಮಯ ಸಾಲಲಿಲ್ಲ. ಆಗ ಉಳಿದುಹೋದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

‘ನಮ್ಮ ತಾಲ್ಲೂಕಿನಲ್ಲಿ ಸಮುದ್ರವೇ ಇಲ್ಲ, ನಮಗೇಕೆ ದೋಣಿಯ ಸುದ್ದಿ?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನ್ಯಾಯವಾದ ಪ್ರಶ್ನೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿ ಜಲಪಾತವಾಗಿ ಧುಮುಕಿ ಕುಮಟೆಯ ತದಡಿಯ ಬಳಿ ಕಡಲು ಸೇರುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಬೀಳುವ ಬೇಡ್ತಿಯೇ ಕೆಳಗೆ ಗಂಗಾವಳಿ. ನಿಮ್ಮ ತೋಟದಿಂದ ಕೊಚ್ಚಿಹೋದ ಮಣ್ಣು ಮರಳುಗಳಲ್ಲಿ ಒಂದು ಪಾಲು ಈ ನದಿಗಳ ಅಳಿವೆಯಲ್ಲಿ ಕುಳಿತುಕೊಳ್ಳುತ್ತದೆ. ನದಿ ಹೊರಕ್ಕೆ ತಳ್ಳುವ ಮರಳನ್ನು ಅಲೆ ಒಳಕ್ಕೆ ತಳ್ಳುತ್ತದೆ. ಹಾಗಾಗಿ ಬೋಟು ಹೋಗುವ ಆಳದ ದಾರಿ ವರ್ಷ ವರ್ಷ ಜಾಗ ಬದಲಿಸುತ್ತದೆ. ಕಳೆದ ವರ್ಷ ಸುರಕ್ಷಿತವಾಗಿದ್ದ ದಾರಿ ಈ ವರ್ಷ ದಿಣ್ಣೆಯಾಗಿರಬಹುದು. ಇನ್ನೊಂದು ಕಾರಣವೂ ಇದೆ. ಅಡಿಕೆಗೆ ಹವಾಮಾನ ಆಧಾರಿತ ವಿಮೆ ಮಾಡಿಸುವ ಮನೆಗಳಿಂದ ಬಂದವರು ನೀವು. ಬೋಟಿನ ವಿಮೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ವಿಮೆ ಎಂದರೆ ವಸ್ತುವಿಗೆ ಅಂಟಿಕೊಂಡ ಒಂದು ರಕ್ಷೆ, ತಾಯತದಂತೆ, ಎಂಬ ಭಾವನೆ ಇದೆ. ‘ಈ ಬೋಟಿಗೆ ವಿಮೆ ಇದೆ’ ಎಂದೇ ಹೇಳುತ್ತೇವೆ. ಕಾನೂನಿನ ಕಣ್ಣಿನಲ್ಲಿ ಅದು ಹಾಗಲ್ಲ. ಬೋಟು ಹಾಳಾದರೆ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಆಗುವ ನಷ್ಟವನ್ನು ತುಂಬಿಕೊಡುತ್ತೇನೆಂದು ಕಂಪನಿ ಆ ವ್ಯಕ್ತಿಯೊಡನೆ ಮಾಡಿಕೊಂಡ ಒಪ್ಪಂದವೇ ವಿಮೆ. ಆದ್ದರಿಂದ ಹಣ ಕೇಳುವವನಲ್ಲಿ ಎರಡು ಸಂಗತಿಗಳಿರಬೇಕು: ಕೈಯಲ್ಲಿ ಒಪ್ಪಂದ, ಮತ್ತು ಬೋಟು ಮುಳುಗಿದಾಗ ನಿಜವಾಗಿ ಆದ ನಷ್ಟ. ಎರಡನೆಯದಕ್ಕೆ ‘ವಿಮಾಯೋಗ್ಯ ಹಿತಾಸಕ್ತಿ’ ಎಂಬ ಗಡಸು ಹೆಸರಿದೆ. ನಮ್ಮ ಉದಾಹರಣೆಯಲ್ಲಿ ಮಾರಿದವನ ಬಳಿ ಒಪ್ಪಂದವಿದೆ, ಆದರೆ ಅವನಿಗೆ ನಷ್ಟವಿಲ್ಲ. ಅವನ ಹಣ ಬೆಳಿಗ್ಗೆಯೇ ಬಂದಿದೆ. ಕೊಂಡವನಿಗೆ ನಷ್ಟವಿದೆ, ಆದರೆ ಕಂಪನಿಯೊಡನೆ ಒಪ್ಪಂದವಿಲ್ಲ. ಎರಡು ತುಂಡುಗಳು ಇಬ್ಬರ ಕೈಯಲ್ಲಿ ಉಳಿದವು, ಜೋಡಿಸುವವರಿಲ್ಲ.

ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯ 17ನೇ ಕಲಮು ಇದನ್ನೇ ಹೇಳುತ್ತದೆ: ವಿಮೆ ಮಾಡಿಸಿದವನು ವಸ್ತುವಿನಲ್ಲಿ ತನಗಿದ್ದ ಹಕ್ಕನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ವಿಮೆಯ ಹಕ್ಕು ಇನ್ನೊಬ್ಬನಿಗೆ ಹೋಗುವುದಿಲ್ಲ, ಹೋಗಬೇಕಾದರೆ ಅದಕ್ಕೆ ಒಪ್ಪಂದವಿರಬೇಕು. ಮರಣದಿಂದ ವಾರಸುದಾರರಿಗೆ ಬರುವಂಥ, ಕಾನೂನಿನ ಮೂಲಕವೇ ಆಗುವ ವರ್ಗಾವಣೆಗೆ ಮಾತ್ರ ಈ ಕಟ್ಟು ಅನ್ವಯಿಸುವುದಿಲ್ಲ. ಇದರ ಜೊತೆಗೆ, ಮಾಲೀಕತ್ವ ಬದಲಾದ ಗಳಿಗೆಯಲ್ಲೇ ಪಾಲಿಸಿ ತಾನಾಗಿ ಮುಗಿಯುತ್ತದೆ ಎಂಬ ಷರತ್ತು ಹಡಗು, ಬೋಟುಗಳ ಒಡಲಿನ ವಿಮೆಯಲ್ಲಿ, ಅಂದರೆ ‘ಹಲ್ ಪಾಲಿಸಿ’ಗಳಲ್ಲಿ, ಸಾಮಾನ್ಯ.

ಗೊಂದಲಕ್ಕೆ ಮುಖ್ಯ ಕಾರಣ ನಮ್ಮ ಮೋಟಾರ್ ಸೈಕಲ್ಲು ಎಂದು ನನಗನ್ನಿಸುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 157ನೇ ಕಲಮಿನ ಪ್ರಕಾರ ಹಳೆಯ ಬೈಕು ಮಾರಾಟವಾದಾಗ ದಾರಿಹೋಕರಿಗೆ ಆಗುವ ಹಾನಿಯ ವಿಮೆ ಕೊಂಡವನಿಗೆ ತಾನಾಗಿ ವರ್ಗವಾಗುತ್ತದೆ. ಅವನು 14 ದಿನಗಳಲ್ಲಿ ಕಂಪನಿಗೆ ತಿಳಿಸಿ ದಾಖಲೆ ತಿದ್ದಿಸಿಕೊಳ್ಳಬೇಕು. ಗಮನಿಸಿ, ಈ ಸವಲತ್ತು ಬೈಕಿನ ಮಾಲೀಕನಿಗಾಗಿ ಮಾಡಿದ್ದಲ್ಲ, ರಸ್ತೆಯಲ್ಲಿ ಪೆಟ್ಟು ತಿನ್ನುವ ಅಪರಿಚಿತನಿಗಾಗಿ ಮಾಡಿದ್ದು. ಬೈಕಿಗೇ ಆದ ಹಾನಿಯ ವಿಮೆ ಹಾಗೆ ತಾನಾಗಿ ವರ್ಗವಾಗುವುದಿಲ್ಲ. ಬೈಕಿನ ಅನುಭವದಿಂದ ಬೋಟಿನ ಬಗ್ಗೆ ಊಹೆ ಮಾಡುವವರು ಈ ಎರಡು ಮೆಟ್ಟಿಲುಗಳನ್ನೂ ಒಟ್ಟಿಗೆ ತಪ್ಪುತ್ತಾರೆ.

‘ನಷ್ಟವಿಲ್ಲದವನಿಗೆ ವಿಮೆಯಿಲ್ಲ’ ಎಂಬ ಈ ನಿಯಮ ಯಾರೋ ಕೂತು ಕಲ್ಪಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ, ತಮಗೆ ಸಂಬಂಧವೇ ಇಲ್ಲದ ಹಡಗುಗಳ ಮೇಲೆ ಜನ ವಿಮೆ ಕಟ್ಟುತ್ತಿದ್ದರು. ಹಡಗು ಬಂದರೆ ಕಟ್ಟಿದ ಹಣ ಹೋಯಿತು, ಮುಳುಗಿದರೆ ಹತ್ತಾರು ಪಟ್ಟು ಬಂತು. ಇದು ಶುದ್ಧ ಜೂಜು. ಹಡಗು ಮುಳುಗಲಿ ಎಂದು ಹಾರೈಸುವವರ, ಕೆಲವೊಮ್ಮೆ ಮುಳುಗಿಸುವವರ ಒಂದು ವರ್ಗವನ್ನೇ ಅದು ಹುಟ್ಟುಹಾಕಿತು. 1745ರ ಕಾಯಿದೆ ಅದನ್ನು ನಿಲ್ಲಿಸಿತು.

ಅಪಾಯಕ್ಕೆ ಬೆಲೆ ಕಟ್ಟುವ ಕೆಲಸ ಅದಕ್ಕಿಂತ ಬಹಳ ಹಳೆಯದು, ನಮ್ಮಲ್ಲೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಿಂಗಳ ಬಡ್ಡಿಯ ದರ ಹೀಗಿದೆ: ಸಾಮಾನ್ಯ ಸಾಲಕ್ಕೆ ನೂರಕ್ಕೆ ಒಂದೂಕಾಲು, ವ್ಯಾಪಾರಕ್ಕೆ ಐದು, ಕಾಡು ಹಾದು ಹೋಗುವ ವ್ಯಾಪಾರಿಗೆ ಹತ್ತು, ಕಡಲ ಮೇಲೆ ಹೋಗುವವನಿಗೆ ಇಪ್ಪತ್ತು. ಘಟ್ಟದ ಮೆಣಸು ಕಾಡು ಹಾದು ಮಿರ್ಜಾನಿನಂಥ ಬಂದರಿಗೆ ಇಳಿದು ಹಡಗು ಹತ್ತುತ್ತಿದ್ದ ಜಿಲ್ಲೆ ನಮ್ಮದು. ಕಾಡಿನ ಅಪಾಯಕ್ಕೆ ಹತ್ತಾದರೆ ಕಡಲಿನದಕ್ಕೆ ಅದರ ಎರಡರಷ್ಟು ಎಂಬ ಲೆಕ್ಕ ನಮ್ಮ ಹಿರಿಯ ವ್ಯಾಪಾರಿಗಳಿಗೆ ವಿಚಿತ್ರವೆನಿಸಿರಲಾರದು.

ಹಳೆಯ ಬೋಟು ಕೊಳ್ಳುವವನು ವಿಮೆಯ ಕಚೇರಿಗೆ ಹೋಗುವ ಮೊದಲು ಬೋಟಿನ ತಳ ನೋಡಬೇಕು. ಕಾರ್ಯಕ್ರಮದ ತಯಾರಿಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು, ಏಕೆಂದರೆ ಇಲ್ಲಿ ನಿಮ್ಮ ಪಠ್ಯಪುಸ್ತಕದ ವಿಜ್ಞಾನವೆಲ್ಲ ಒಟ್ಟಿಗೆ ಕೆಲಸಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿದೆ. ಬೋಟುಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಕಾಲವೂ ಅದೇ. ನೀರಿನಲ್ಲಿರುವ ಬೋಟನ್ನು ಕೊಳ್ಳುವುದು ಹೊದಿಕೆ ಹೊದ್ದ ಎತ್ತನ್ನು ಕೊಂಡಂತೆ. ದಡದಲ್ಲಿರುವಾಗ ಹೊಟ್ಟೆ ಕಾಣುತ್ತದೆ.

ಮರದ ಬೋಟಿನ ದೊಡ್ಡ ಶತ್ರು ಹಡಗುಹುಳು. ಹೆಸರು ಹುಳುವಾದರೂ ಅದು ಹುಳುವಲ್ಲ. ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ. ತಲೆಯ ತುದಿಯಲ್ಲಿರುವ ಎರಡು ಪುಟ್ಟ ಚಿಪ್ಪುಗಳಿಂದ ಮರವನ್ನು ಕೆರೆದು ಒಳಗೆ ಸುರಂಗ ಮಾಡುತ್ತದೆ. ಮರಿಯಾಗಿದ್ದಾಗಲೇ ಒಳಹೊಕ್ಕು ಅಲ್ಲಿಯೇ ಬೆಳೆಯುವುದರಿಂದ ಹೊರಗೆ ಕಾಣುವ ತೂತು ಗುಂಡುಸೂಜಿಯ ತಲೆಯಷ್ಟು. ಒಳಗೆ ಹಲಗೆ ಜೇನುಗೂಡಾಗಿರುತ್ತದೆ. ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಅನುಭವಿ ಬಡಗಿ ಸುತ್ತಿಗೆಯಿಂದ ಹಲಗೆಯನ್ನು ತಟ್ಟುತ್ತ ಹೋಗುತ್ತಾನೆ. ಗಟ್ಟಿ ಮರ ಒಂದು ಸದ್ದು ಕೊಡುತ್ತದೆ, ಟೊಳ್ಳು ಮರ ಇನ್ನೊಂದು. ಈ ಜೀವಿಗೆ ಉಪ್ಪುನೀರು ಬೇಕು. ಮಳೆಗಾಲದಲ್ಲಿ ಘಟ್ಟದ ನೀರು ಇಳಿದು ಅಳಿವೆ ಸಿಹಿಯಾದಾಗ ಅದು ಕಷ್ಟಕ್ಕೆ ಬೀಳುತ್ತದೆ, ಆದರೆ ತೂತಿನ ಬಾಯಿ ಮುಚ್ಚಿಕೊಂಡು ಕೆಲವು ವಾರ ತಡೆದುಕೊಳ್ಳಬಲ್ಲದು. ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆಗಳನ್ನು ದೋಣಿಗೆ ಬಳಿಯುವ ನಮ್ಮ ಕರಾವಳಿಯ ಹಳೆಯ ಪದ್ಧತಿ ಮರವನ್ನು ಇಂಥ ಶತ್ರುಗಳಿಂದ ಕಾಯುವ ಉಪಾಯವೇ.

ಕಬ್ಬಿಣದ ಬೋಟಿನಲ್ಲಿ ಇನ್ನೊಂದು ಪಾಠ. ಉಪ್ಪುನೀರು, ಉಕ್ಕಿನ ಒಡಲು, ಹಿತ್ತಾಳೆ ಅಥವಾ ಕಂಚಿನ ಪ್ರೊಪೆಲ್ಲರ್ ಮೂರೂ ಸೇರಿದರೆ ಅದು ನಿಮ್ಮ ಪ್ರಯೋಗಶಾಲೆಯ ವಿದ್ಯುತ್ ಕೋಶವೇ. ಆ ಕೋಶದಲ್ಲಿ ಸವೆಯುವುದು ಉಕ್ಕು. ಅದನ್ನು ತಪ್ಪಿಸಲು ಒಡಲಿಗೆ ಸತುವಿನ ತುಂಡುಗಳನ್ನು ಬೋಲ್ಟು ಹಾಕಿ ಕೂರಿಸುತ್ತಾರೆ. ಸತು ಉಕ್ಕಿಗಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಬೋಟು ನೋಡುವಾಗ ಸತುವಿನ ತುಂಡು ಅರ್ಧ ಸವೆದಿದ್ದರೆ ಸಂತೋಷಪಡಿ, ಅದು ಕೆಲಸ ಮಾಡಿದೆ. ಹೊಸದರಂತೆ ನುಣುಪಾಗಿದ್ದು ಅದರ ಮೇಲೂ ಬಣ್ಣ ಬಳಿದಿದ್ದರೆ ಅನುಮಾನಪಡಿ. ಬಣ್ಣದ ಹಿಂದಿನ ಸತು ನೀರಿಗೆ ತಾಗದು, ತಾಗದಿದ್ದರೆ ಏನನ್ನೂ ಕಾಯದು. ಅಂದವಾಗಿ ಕಾಣಲಿ ಎಂದು ಮಾರುವ ಮುನ್ನ ಎಲ್ಲಕ್ಕೂ ಬಣ್ಣ ಹೊಡೆಯುವ ಉತ್ಸಾಹ ಎಲ್ಲ ಊರಿನಲ್ಲೂ ಇದೆ. ಫೈಬರ್ ದೋಣಿಗಳಲ್ಲಿ ನೀರು ಪದರಗಳ ಒಳಗೆ ಇಳಿದು ಗುಳ್ಳೆ ಏಳುತ್ತದೆ. ನಾಣ್ಯದಿಂದ ತಟ್ಟಿದರೆ ಪದರ ಬಿಟ್ಟ ಜಾಗ ಮಂಕು ಸದ್ದು ಕೊಡುತ್ತದೆ.

ಇದಕ್ಕೂ ವಿಮೆಗೂ ಏನು ಸಂಬಂಧ? ನೇರ ಸಂಬಂಧವಿದೆ. ಮಾಮೂಲು ಸವೆತ, ವಸ್ತುವಿನ ಒಳಗಿನ ದೋಷ, ಇಲಿ ಹುಳುಗಳಿಂದ ಆದ ಹಾನಿ, ಇವುಗಳಿಗೆ ಪಾಲಿಸಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಕಂಪನಿ ಹೊಣೆಯಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ. ತೂಫಾನಿನಲ್ಲಿ ಮುಳುಗಿದ ಬೋಟಿನ ಹಲಗೆಯನ್ನು ಮೇಲೆತ್ತಿ ನೋಡಿದಾಗ ಅದು ಹಡಗುಹುಳು ತಿಂದ ಹಲಗೆಯಾಗಿದ್ದರೆ, ಮುಳುಗಿಸಿದ್ದು ಗಾಳಿಯೋ ಹುಳುವೋ ಎಂಬ ವಾದ ಏಳುತ್ತದೆ. ಆ ವಾದದಲ್ಲಿ ಹೊಸ ಮಾಲೀಕನ ಕೈ ಬಲಪಡಿಸುವ ಕಾಗದ ಒಂದೇ: ಕೊಳ್ಳುವ ಮೊದಲು ಪರವಾನಗಿ ಪಡೆದ ಸರ್ವೇಯರ್ ಒಬ್ಬರಿಂದ ಮಾಡಿಸಿದ ತಪಾಸಣೆಯ ವರದಿ. ಆ ವರದಿಯಲ್ಲಿ ಕಂಡ ದೋಷವನ್ನು ವಿಮಾ ಕಂಪನಿಯಿಂದ ಮುಚ್ಚಿಡುವಂತಿಲ್ಲ. ವಿಮೆ ಪರಮ ವಿಶ್ವಾಸದ ಒಪ್ಪಂದ. ಕಂಪನಿಯವನು ಕಡಲಿಗೆ ಬಂದು ನೋಡಲಾರ, ಆದ್ದರಿಂದ ಬೆಲೆ ನಿರ್ಧರಿಸಲು ಬೇಕಾದ ಸಂಗತಿಗಳನ್ನು ಅವನು ಕೇಳದಿದ್ದರೂ ಹೇಳಬೇಕು. ಹೇಳದಿದ್ದರೆ ಒಪ್ಪಂದವನ್ನೇ ರದ್ದು ಮಾಡುವ ಹಕ್ಕು ಕಂಪನಿಗಿದೆ.

ಮಾರಾಟದ ಕಾಗದಗಳ ವಿಷಯ ಚುಟುಕಾಗಿ ಹೇಳಬಹುದು. ಬೋಟಿನ ನೋಂದಣಿ ಪತ್ರ, ಮೀನುಗಾರಿಕೆ ಇಲಾಖೆಯ ಪರವಾನಗಿ, ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ, ತೆರಿಗೆ ರಿಯಾಯಿತಿ ಡೀಸೆಲಿನ ಪಾಸ್ ಪುಸ್ತಕ ಇವೆಲ್ಲ ಹೊಸ ಹೆಸರಿಗೆ ಬರಬೇಕು. ಡೀಸೆಲಿನ ಪುಸ್ತಕಕ್ಕೆ ಯಾರೂ ನೆನಪಿಸಬೇಕಾಗಿಲ್ಲ. ಅದಿಲ್ಲದೆ ಮೊದಲ ದಿನವೇ ಜೇಬಿಗೆ ಪೆಟ್ಟು ಬೀಳುತ್ತದೆ. ವಿಮೆಯ ಕೊರತೆ ಮಾತ್ರ ಅವಘಡವಾಗುವವರೆಗೆ ಎಲ್ಲೂ ನೋಯುವುದಿಲ್ಲ. ಪಾಲುದಾರಿಕೆಯ ಬೋಟಿನಲ್ಲಿ ಒಬ್ಬನೇ ತನ್ನ ಪಾಲು ಮಾರಿದಾಗಲೂ ಕಂಪನಿಗೆ ತಿಳಿಸಲೇಬೇಕು. ಮಾರಿದವನು ಉಳಿದ ಅವಧಿಯ ಪ್ರೀಮಿಯಂ ಮರಳಿ ಕೇಳಬಹುದು. ಇಲ್ಲವೆ ಮಾರಾಟಕ್ಕೆ ಮೊದಲೇ ಕಂಪನಿಯ ಲಿಖಿತ ಒಪ್ಪಿಗೆ ಪಡೆದು ಪಾಲಿಸಿಯನ್ನು ಕೊಂಡವನಿಗೆ ವರ್ಗಾಯಿಸಬಹುದು. ‘ಮೊದಲೇ’ ಎಂಬ ಮಾತಿಗೆ ಕಾರಣವಿದೆ. ಹಕ್ಕನ್ನು ಕಳೆದುಕೊಂಡ ಮೇಲೆ, ಹಾಗೆಂದು ಮುಂಚೆ ಒಪ್ಪಂದ ಮಾಡಿಕೊಂಡಿರದಿದ್ದರೆ, ಪಾಲಿಸಿಯನ್ನು ವರ್ಗಾಯಿಸುವ ಅಧಿಕಾರವೂ ಅವನಿಗೆ ಉಳಿಯುವುದಿಲ್ಲ.

ಇನ್ನು ತೂಫಾನಿನ ಲೆಕ್ಕ. ಅಮೆರಿಕದವರು ಹರಿಕೇನ್ ಎನ್ನುವುದೂ ಜಪಾನಿನವರು ಟೈಫೂನ್ ಎನ್ನುವುದೂ ನಮ್ಮ ಚಂಡಮಾರುತವೂ ಒಂದೇ ಬಗೆಯ ಸುಳಿ. ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಕೆಳಗಿನ ಮತ್ತು ಮೇಲಿನ ಗಾಳಿಗಳು ಒಂದನ್ನೊಂದು ತೀರ ವಿರುದ್ಧ ಎಳೆಯಬಾರದು. ಮುಂಗಾರಿನ ಉತ್ತುಂಗದಲ್ಲಿ ಈ ಎಳೆದಾಟ ಜೋರಾಗಿರುವುದರಿಂದ ಅರಬ್ಬೀ ಸಮುದ್ರದಲ್ಲಿ ಆಗ ಚಂಡಮಾರುತಗಳು ವಿರಳ. ಅವು ಬರುವುದು ಮುಂಗಾರಿನ ಎರಡು ಅಂಚುಗಳಲ್ಲಿ: ಮೇ-ಜೂನ್‌ನಲ್ಲಿ ಮತ್ತು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ಇದನ್ನು ಮೀನುಗಾರಿಕೆಯ ಪಂಚಾಂಗದ ಮೇಲಿಟ್ಟು ನೋಡಿ. ನಿಷೇಧ ಮುಗಿದು ಆಗಸ್ಟ್ 1ಕ್ಕೆ ಬೋಟು ಇಳಿಯುತ್ತದೆ. ಮಳೆಗಾಲದಲ್ಲಿ ಕೊಂಡವನು ‘ಮೊದಲು ನಾಲ್ಕು ಟ್ರಿಪ್ ಆಗಲಿ, ಆಮೇಲೆ ವಿಮೆ’ ಎಂದು ದಿನ ತಳ್ಳುತ್ತಾನೆ. ತಳ್ಳುತ್ತ ಹೋದ ದಿನಗಳು ನೇರವಾಗಿ ಅಕ್ಟೋಬರಿಗೆ ಬಂದು ನಿಲ್ಲುತ್ತವೆ.

2019ರ ಅಕ್ಟೋಬರ್ ಕೊನೆಯಲ್ಲಿ ‘ಕ್ಯಾರ್’ ಎಂಬ ಮಹಾ ಚಂಡಮಾರುತ ಎದ್ದಾಗ ಹೊರ ಊರುಗಳ ಬೋಟುಗಳೂ ಕಾರವಾರ ಬಂದರಿನಲ್ಲಿ ಆಸರೆ ಪಡೆದವು. ಅದು ಮುಗಿಯುವ ಮೊದಲೇ ‘ಮಹಾ’ ಎಂಬ ಇನ್ನೊಂದು ಹುಟ್ಟಿ ಅರಬ್ಬೀ ಸಮುದ್ರದಲ್ಲಿ ಒಂದೇ ಕಾಲಕ್ಕೆ ಎರಡು ಸುಳಿಗಳು ತಿರುಗಿದವು. ‘ತೌಕ್ತೆ’ ಬಂದದ್ದು 2021ರ ಮೇ ಮಧ್ಯದಲ್ಲಿ, ನಿಷೇಧಕ್ಕೆ ಇನ್ನೂ ಎರಡು ವಾರ ಇದ್ದಾಗ. ಅದು ದಡ ಮುಟ್ಟಿದ್ದು ದೂರದ ಗುಜರಾತಿನಲ್ಲಿ; ಆದರೂ ಕಾಪು ಬಳಿಯ ಬಂಡೆಗಳ ನಡುವೆ ಸಿಕ್ಕಿಕೊಂಡ ‘ಕೋರಮಂಡಲ್ ಸಪೋರ್ಟರ್-9’ ಎಂಬ ಟಗ್ಗಿನಿಂದ ಒಂಬತ್ತು ಜನರನ್ನು ಮೇ 17ರಂದು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆಗಳು ಪಾರುಮಾಡಬೇಕಾಯಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಹೆಚ್ಚಿದೆ. ಇನ್ನೊಂದು ಲೆಕ್ಕ ನೆನಪಿಡಿ: ಗಾಳಿ ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 60 ಕಿ.ಮೀ. ಇದ್ದ ಗಾಳಿ 85 ಆದರೆ ಲಂಗರಿನ ಹಗ್ಗದ ಮೇಲಿನ ಎಳೆತ ಸುಮಾರು ಎರಡು ಪಟ್ಟಾಗುತ್ತದೆ.

ಚಂಡಮಾರುತದ ಮುನ್ಸೂಚನೆ ಬಂದ ಮೇಲೆ ಓಡಿಹೋಗಿ ವಿಮೆ ಮಾಡಿಸಬಹುದಲ್ಲ ಎಂಬ ಜಾಣ ಪ್ರಶ್ನೆಯೂ ಬಂತು. ಫ್ಲೋರಿಡಾದಂಥ ಕರಾವಳಿಗಳಲ್ಲಿ ಹರಿಕೇನ್‌ಗೆ ಹೆಸರು ಬಿದ್ದು ಅದು ಸಮೀಪಿಸತೊಡಗಿದರೆ ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ. ಅಲ್ಲಿನ ಎಷ್ಟೋ ಪಾಲಿಸಿಗಳಲ್ಲಿ, ಹರಿಕೇನ್ ಬಂದರೆ ಬೋಟನ್ನು ಎಲ್ಲಿಗೆ ಒಯ್ಯುತ್ತೀರಿ, ಯಾರು ಒಯ್ಯುತ್ತಾರೆ ಎಂಬುದನ್ನು ಮೊದಲೇ ಬರೆದುಕೊಡಬೇಕು. ನಮ್ಮಲ್ಲಿಯೂ ವಿಮೆ ಇದೆಯೆಂದು ಕೈಕಟ್ಟಿ ಕೂರುವಂತಿಲ್ಲ. ನಷ್ಟ ತಪ್ಪಿಸಲು ಅಥವಾ ತಗ್ಗಿಸಲು ತಕ್ಕ ಪ್ರಯತ್ನ ಮಾಡುವುದು ವಿಮೆ ಮಾಡಿಸಿದವನ ಕರ್ತವ್ಯ. ಎಚ್ಚರಿಕೆ ಬಂದ ಮೇಲೂ ಕಡಲಿಗೆ ಹೋದ, ಇಲ್ಲವೆ ನಿಷೇಧದ ಅವಧಿಯಲ್ಲಿ ಕದ್ದು ಹೋದ ಬೋಟಿನ ಹಕ್ಕೊತ್ತಾಯ ನಿಲ್ಲುವುದು ಕಷ್ಟ.

ಪ್ರೀಮಿಯಂ ಏಕೆ ಅಷ್ಟು ಎಂಬುದು ಗಣಿತದ ಮಾತು. ತಲಾ 20 ಲಕ್ಷದ 100 ಬೋಟುಗಳಿವೆ, ವರ್ಷಕ್ಕೆ ಸರಾಸರಿ ಒಂದು ಮುಳುಗುತ್ತದೆ ಎನ್ನಿ. ಒಬ್ಬೊಬ್ಬರು 20 ಸಾವಿರ ಹಾಕಿದರೆ ಆ ಒಬ್ಬನ ನಷ್ಟ ತುಂಬುತ್ತದೆ. ಇದು ನಿಲ್ಲುವುದು ಒಂದು ಬೋಟು ಮುಳುಗಲು ಇನ್ನೊಂದು ಮುಳುಗುವುದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ. ಚಂಡಮಾರುತ ಈ ಲೆಕ್ಕವನ್ನು ಕೆಡಿಸುತ್ತದೆ. ಒಂದೇ ರಾತ್ರಿ ಒಂದೇ ಬಂದರಿನ ಹತ್ತು ಬೋಟುಗಳನ್ನು ಒಡೆದರೆ ನೂರು ಜನರ ಡಬ್ಬಿ ಬರಿದಾಗುತ್ತದೆ. ಅದಕ್ಕೇ ವಿಮಾ ಕಂಪನಿಗಳೂ ತಮ್ಮ ಹೊರೆಯ ಒಂದಂಶವನ್ನು ಇನ್ನೊಂದು ಕಂಪನಿಯ ಹೆಗಲಿಗೆ ದಾಟಿಸುತ್ತವೆ. ನಮ್ಮ ದೇಶದಲ್ಲಿ ಈ ಮರುವಿಮೆಯ ಮುಖ್ಯ ಸಂಸ್ಥೆ 1972ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್. ಅಡಿಕೆಯ ಕೊಳೆರೋಗವೂ ಹೀಗೆಯೇ ಅಲ್ಲವೆ? ಎಡೆಬಿಡದ ಮಳೆ ಹಿಡಿದರೆ ಕೊಳೆ ಒಬ್ಬರ ತೋಟವನ್ನು ಆರಿಸಿಕೊಂಡು ಬರುವುದಿಲ್ಲ, ಇಡೀ ಸೀಮೆಗೆ ಬರುತ್ತದೆ. ಆದ್ದರಿಂದಲೇ ಆ ವಿಮೆಯ ಪ್ರೀಮಿಯಂನಲ್ಲಿ ಸರ್ಕಾರಗಳು ಪಾಲು ಹಾಕುತ್ತವೆ. 2016ರಿಂದ ಜಾರಿಗೆ ಬಂದ ಯೋಜನೆಯಲ್ಲಿ ತೋಟಗಾರಿಕೆ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇಕಡಾ 5ನ್ನು ಮೀರುವುದಿಲ್ಲ.

ಆದರೆ ಎರಡರ ಸ್ವಭಾವ ಬೇರೆ. ಅಡಿಕೆಯ ವಿಮೆ ನಿಮ್ಮ ತೋಟದಲ್ಲಿ ಎಷ್ಟು ಉದುರಿತೆಂದು ನೋಡುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ಏನು ಹೇಳಿತೆಂದು ನೋಡುತ್ತದೆ. ಮಾಪಕ ಕೆಟ್ಟರೆ, ಅಥವಾ ಮಾಪಕವಿರುವಲ್ಲಿ ಮಳೆ ಕಡಿಮೆಯಾಗಿ ನಿಮ್ಮ ಕಣಿವೆಯಲ್ಲಿ ಹೆಚ್ಚಾದರೆ, ಕೊಳೆ ಬಂದರೂ ಹಣ ಬರದಿರಬಹುದು. ಬೋಟಿನ ವಿಮೆ ನಿಜವಾದ ನಷ್ಟವನ್ನು ಅಳೆಯುತ್ತದೆ, ಆ ಅಳತೆಗಾಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಹಳೆಯ ಬೋಟಿಗೆ ಹಲವೊಮ್ಮೆ ಪೂರ್ತಿ ನಷ್ಟಕ್ಕೆ ಮಾತ್ರ ವಿಮೆ ಸಿಗುತ್ತದೆ. ಎಂಜಿನ್ ಹೋಗಿ ಅರ್ಧ ಒಡೆದು ದಡ ಸೇರಿದರೆ ಏನೂ ಸಿಗದು. ಪ್ರೀಮಿಯಂ ಉಳಿಸಲು 30 ಲಕ್ಷದ ಬೋಟಿಗೆ 20 ಲಕ್ಷಕ್ಕೆ ವಿಮೆ ಮಾಡಿಸಿದ್ದರೆ, 6 ಲಕ್ಷದ ರಿಪೇರಿಗೆ ಕಂಪನಿ ಕೊಡುವುದು 4 ಲಕ್ಷ. ವಿಮೆ ಮಾಡಿಸದ ಮೂರನೆಯ ಒಂದು ಪಾಲಿಗೆ ಮಾಲೀಕನೇ ವಿಮೆಗಾರ. ಪಾಲಿಸಿಯಲ್ಲಿ ಬರೆದ ಕಡಿತದ ಮೊತ್ತ ಇದರಿಂದಲೂ ಕಳೆಯುತ್ತದೆ.

ಇಷ್ಟೆಲ್ಲ ಹೇಳಿದ್ದು ಒಡಲಿನ ಬಗ್ಗೆ, ಒಳಗಿನ ಜನರ ಬಗ್ಗೆ ಅಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ಅದರಲ್ಲಿದ್ದ ಏಳು ಮಂದಿಯಲ್ಲಿ ಇಬ್ಬರು ಉಡುಪಿ ಜಿಲ್ಲೆಯವರು, ಐವರು ನಮ್ಮ ಉತ್ತರ ಕನ್ನಡದವರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ‘ನಿರೀಕ್ಷಕ’ ಹಡಗು ಮಾಲ್ವಣದ ಆಚೆ ಸಮುದ್ರತಳದಲ್ಲಿ ಬೋಟಿನ ಅವಶೇಷವನ್ನು ಪತ್ತೆ ಮಾಡಿತು. ಏಳು ಮಂದಿ ಮರಳಲಿಲ್ಲ. ನಡುವಿನ ನಾಲ್ಕೂವರೆ ತಿಂಗಳು ಅವರ ಮನೆಗಳು ಹೇಗಿದ್ದವೆಂದು ಊಹಿಸಿಕೊಳ್ಳಿ. ಕಾನೂನಿನಲ್ಲಿ ಇಲ್ಲೊಂದು ವಿಚಿತ್ರವಿದೆ. ಸಾಗರ ವಿಮಾ ಕಾಯಿದೆಯ ಪ್ರಕಾರ ಕಾಣೆಯಾದ ಹಡಗಿನ ಸುದ್ದಿ ‘ಸಮಂಜಸ ಕಾಲ’ದವರೆಗೆ ಬರದಿದ್ದರೆ ಅದು ಪೂರ್ತಿ ನಷ್ಟವಾಯಿತೆಂದು ಭಾವಿಸಬಹುದು. ಮನುಷ್ಯನ ವಿಷಯದಲ್ಲಿ ಸಾಕ್ಷ್ಯದ ಕಾನೂನು ಕೇಳುವುದು ಏಳು ವರ್ಷ. ಅಷ್ಟು ಕಾಲ ಸುದ್ದಿ ಇಲ್ಲದಿದ್ದರೆ ಮಾತ್ರ ಸತ್ತಿರಬೇಕೆಂಬ ಊಹೆಗೆ ಎಡೆ. ಬೇಗ ಮರಣ ಪ್ರಮಾಣ ಪತ್ರ ಬೇಕಾದರೆ ಬೇರೆ ಪುರಾವೆ ಒದಗಿಸಬೇಕು. ಬೋಟನ್ನು ಕಳೆದುಕೊಂಡವನ ಕಾಗದ ತಿಂಗಳುಗಳಲ್ಲಿ ಮುಂದೆ ಹೋಗಬಹುದು, ಗಂಡನನ್ನು ಕಳೆದುಕೊಂಡವಳ ಕಾಗದ ವರ್ಷಗಳ ಕಾಲ ಅದೇ ಮೇಜಿನ ಮೇಲೆ ಇರಬಹುದು.

ಮೀನುಗಾರರಿಗೆ ಸಾಮೂಹಿಕ ಅಪಘಾತ ವಿಮೆ ಇದೆ. 2020-21ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮರಣ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆ ಖರ್ಚಿಗೆ 25 ಸಾವಿರ ನಿಗದಿಯಾಯಿತು. ಪ್ರೀಮಿಯಂ ಪೂರ್ತಿ ಸರ್ಕಾರಗಳದ್ದು. ಆದರೆ ಈ ವಿಮೆ ಬೋಟಿನ ಹೆಸರಿನಲ್ಲಿ ಬರುವುದಿಲ್ಲ, ಇಲಾಖೆಯಲ್ಲಿ ನೋಂದಾಯಿಸಿಕೊಂಡ ಒಬ್ಬೊಬ್ಬ ಮೀನುಗಾರನ ಹೆಸರಿನಲ್ಲಿ ಬರುತ್ತದೆ. ಬೋಟು ಕೈ ಬದಲಾದಾಗ ಅನೇಕ ಸಲ ತಾಂಡೇಲನೂ ಬದಲಾಗುತ್ತಾನೆ, ಅವನೊಂದಿಗೆ ಕೆಲಸದವರೂ ಬದಲಾಗುತ್ತಾರೆ. ಘಟ್ಟದ ಮೇಲಿನಿಂದಲೋ ಹೊರ ರಾಜ್ಯದಿಂದಲೋ ಕೂಲಿಗೆ ಬಂದ ಹುಡುಗರು ಹಗ್ಗ ಹಿಡಿಯುತ್ತಾರೆ. ಅವರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಹೊಸ ಮಾಲೀಕ ನೋಡಬೇಕಾದದ್ದು ಬೋಟು ಮೊದಲ ಸಲ ಅಳಿವೆ ದಾಟುವ ಹಿಂದಿನ ದಿನ.